ಹಾಸ್ಯನಟಿಯ ಕಡತ ಪತ್ತನಾಜೆಯೊಳಗೆ ತೆರೆಯಲಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ, ಹಳೆಯ ಚಿತ್ರಮಂದಿರಗಳ ಮಾಲೀಕರಿಗೆ, ಅಟ್ಟದ ಮೇಲೆ ಟ್ರಂಕು ಇಟ್ಟುಕೊಂಡಿರುವ ಎಲ್ಲ ಮನೆಯವರಿಗೆ –

ಮಾನ್ಯರೇ,

ಐವತ್ತು, ಅರುವತ್ತರ ದಶಕದ ಕನ್ನಡ ರಂಗಭೂಮಿಯಲ್ಲಿ, ಚಿತ್ರಗಳಲ್ಲಿ ಜನರನ್ನು ನಗಿಸಿದ ನಟಿಯರಿಗೆ ಏನಾದರೂ ಗೌರವ ಸಲ್ಲಬೇಕು ಎಂಬ ಮಾತೆದ್ದ ಕೂಡಲೇ ಪುರಭವನದ ಬಾಡಿಗೆ, ಶಾಲು, ಹಣ್ಣಿನ ಬುಟ್ಟಿ, ಸ್ಮರಣ ಸಂಚಿಕೆಯ ಜಾಹೀರಾತು ಎಂದು ಲೆಕ್ಕ ಸುರುವಾಗುತ್ತದೆ. ಬೇಡವೆನ್ನುವುದಿಲ್ಲ. ಆದರೆ ಸಂಚಿಕೆಯಲ್ಲಿ ಅಚ್ಚು ಹಾಕಲು ವಿಷಯ ಎಲ್ಲಿದೆ? ಹಾಸ್ಯನಟಿ ತೀರಿಕೊಂಡ ಮರುದಿನ ಪತ್ರಿಕೆಯಲ್ಲಿ ಬರುವುದು ಮುನ್ನೂರು, ಮುನ್ನೂರೈವತ್ತು ಚಿತ್ರಗಳೆಂಬ ದುಂಡು ಸಂಖ್ಯೆ. ಹೆಸರು ಹಿಡಿದು ಪಟ್ಟಿ ಮಾಡಲು ಕೂತರೆ ಅದರ ಅರ್ಧ ಮುಟ್ಟುವುದೂ ಕಷ್ಟ. ಉಳಿದರ್ಧ ಸುಳ್ಳೆಂದು ಹೇಳಲಾಗದು. ಅದಕ್ಕೆ ಸಾಕ್ಷಿಯಾಗಬೇಕಾದ ಕಾಗದ, ಗ್ರಾಮಫೋನ್ ತಟ್ಟೆ, ರೀಲು ಒಂದೋ ನಮ್ಮ ನಿಮ್ಮ ಅಟ್ಟದಲ್ಲಿದೆ, ಅಥವಾ ಬಾಗಿಲು ಹಾಕಿದ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿದೆ, ಅಥವಾ ಗುಜರಿ ಅಂಗಡಿಯ ದಾರಿ ಹಿಡಿದಿದೆ.

ನಾವು ಕೇಳುವುದು ದೊಡ್ಡದೇನಲ್ಲ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಒಂದು ಒಣ ಕೋಣೆ, ಒಂದು ರಿಜಿಸ್ಟರ್, ಅದನ್ನು ತುಂಬಿಸಲು ಕೆಲಸ ಕಲಿತ ಇಬ್ಬರು. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲು, ಅಂದರೆ ಮೇ ತಿಂಗಳ ನಾಲ್ಕನೇ ವಾರದೊಳಗೆ, ಕೆಲಸ ಹಿಡಿಯಬೇಕು. ಇನ್ನೊಂದು ಮಳೆಗಾಲವನ್ನು ದಾಟುವ ಸ್ಥಿತಿಯಲ್ಲಿ ಈ ಸಾಮಗ್ರಿಯ ಬಹುಪಾಲು ಇಲ್ಲ. ಯಾಕೆ ಹಾಸ್ಯನಟಿಯರ ಕಡತವೇ ಮೊದಲಾಗಬೇಕು, ಕೋಣೆಯಲ್ಲಿ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಬಿಡಿಸಿ ಹೇಳುತ್ತೇವೆ.

ನಾಯಕಿಯರ ಮಟ್ಟಿಗೆ ಕರಾವಳಿಯ ನೆನಪು ಗಟ್ಟಿಯೇ. ಮಂಗಳೂರಿನ ಕಲ್ಪನಾ, ಬೆಳ್ತಂಗಡಿ ಮೂಲದ ಲೀಲಾವತಿ ಅವರ ಚಿತ್ರಗಳನ್ನು ವರ್ಷದ ಸಮೇತ ಒಪ್ಪಿಸುವವರು ಈಗಲೂ ಸಿಗುತ್ತಾರೆ. ಎಂ.ಎನ್. ಲಕ್ಷ್ಮೀದೇವಿ, ರಮಾದೇವಿ, ಪಾಪಮ್ಮ, ಬಿ. ಜಯಾ ಎಂದು ಕೇಳಿ ನೋಡಿ. ಮುಖ ನೆನಪಾಗುತ್ತದೆ, ನಗುವೂ ಬರುತ್ತದೆ, ಚಿತ್ರದ ಹೆಸರು ಮಾತ್ರ ಬರುವುದಿಲ್ಲ. ಬಿ. ಜಯಾ 1958ರ ‘ಭಕ್ತ ಪ್ರಹ್ಲಾದ’ದಿಂದ ತೆರೆಗೆ ಬಂದವರು, ದ್ವಾರಕೀಶರಿಗೆ ಜೋಡಿಯಾಗಿ ‘ಕುಳ್ಳಿ ಜಯಾ’ ಎಂದೇ ಹೆಸರಾದವರು, ಇಳಿವಯಸ್ಸಿನಲ್ಲಿ ‘ಗೌಡ್ರು’ ಚಿತ್ರದ ಪೋಷಕ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಪಡೆದವರು. 2021ರ ಜೂನ್‌ನಲ್ಲಿ ಅವರು ತೀರಿಕೊಂಡರು, ಜುಲೈಯಲ್ಲಿ ಜಯಂತಿ ತೀರಿಕೊಂಡರು. ಒಬ್ಬರ ಸುದ್ದಿಗೆ ಸಿಕ್ಕಿದ ಜಾಗ, ಇನ್ನೊಬ್ಬರ ಸುದ್ದಿಗೆ ಸಿಕ್ಕಿದ ಜಾಗ ಎರಡನ್ನೂ ಬದಿಬದಿಗಿಟ್ಟರೆ ನಾವು ಹೇಳುವುದು ಅರ್ಥವಾಗುತ್ತದೆ.

ಕಡತ ತೆರೆದ ಮೊದಲ ದಿನವೇ ಎದುರಾಗುವ ತೊಡಕು ಹೆಸರಿನದು. ಗುಬ್ಬಿ ವೀರಣ್ಣನವರ ಪತ್ನಿ, ರಂಗಭೂಮಿಯ ದೊಡ್ಡ ನಟಿ ಬಿ. ಜಯಮ್ಮ, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ; ಅವರಿಗಿಂತ ಒಂದು ತಲೆಮಾರು ಹಿರಿಯರಾದ ಚಿತ್ರನಟಿ ಎಂ. ಜಯಶ್ರೀ; ಹಾಸ್ಯನಟಿ ಬಿ. ಜಯಾ, ನಾಯಕಿ ಜಯಂತಿ, ಆಮೇಲಿನ ಜಯಮಾಲಾ. ಹಳೆಯ ಪದ್ಯಾವಳಿಗಳಲ್ಲಿ, ಅಂದರೆ ಚಿತ್ರದ ಹಾಡಿನ ಪುಸ್ತಕಗಳಲ್ಲಿ, ಮೊದಲಕ್ಷರ ಹಾಕುವ ಶಿಸ್ತಿಲ್ಲ. ಬರೇ ‘ಜಯ’, ಬರೇ ‘ಜಯಶ್ರೀ’ ಎಂದಿರುತ್ತದೆ. ಅಚ್ಚಿನ ಮೊಳೆ ಸಾಲದೆ ‘ಜಯಾ’ ಎಂಬುದು ‘ಜಯಾ..’ ಎಂದು ಅರ್ಧಕ್ಕೆ ನಿಂತದ್ದೂ ಇದೆ. ಇದಕ್ಕೆ ಒಂದೇ ಮದ್ದು. ರಿಜಿಸ್ಟರಿನಲ್ಲಿ ಹೆಸರಿಗೆ ಮೂರು ಅಂಕಣ. ಮೊದಲನೆಯದರಲ್ಲಿ ಅಚ್ಚಾದದ್ದು ಅಚ್ಚಾದ ಹಾಗೆಯೇ, ತಪ್ಪಿದ್ದರೆ ತಪ್ಪಿನ ಸಮೇತ. ಎರಡನೇ ಅಂಕಣದಲ್ಲಿ ಅದು ಯಾರೆಂಬ ನಮ್ಮ ತೀರ್ಮಾನ. ಮೂರನೆಯದರಲ್ಲಿ ಆ ತೀರ್ಮಾನಕ್ಕೆ ಆಧಾರ. ಒಂದನ್ನೂ ಎರಡನ್ನೂ ಸೇರಿಸಿ ಬರೆದವರ ಪಟ್ಟಿಯನ್ನು ಆಮೇಲೆ ಯಾರಿಂದಲೂ ರಿಪೇರಿ ಮಾಡಲಾಗುವುದಿಲ್ಲ.

ಚಿತ್ರದ ಹೆಸರಿಗೂ ಇದೇ ನಿಯಮ. ‘ಭಕ್ತ ಪ್ರಹ್ಲಾದ’ ಎಂದಷ್ಟೇ ಬರೆದರೆ 1958ರದ್ದೋ, ರಾಜ್‌ಕುಮಾರ್ ಅಭಿನಯಿಸಿದ 1983ರದ್ದೋ ತಿಳಿಯದು. ಇದೇ ಹೆಸರಿನ ತೆಲುಗು ಚಿತ್ರ 1967ರದ್ದು. ವರ್ಷವಿಲ್ಲದ ಚಿತ್ರನಾಮಕ್ಕೆ ರಿಜಿಸ್ಟರಿನಲ್ಲಿ ಪ್ರವೇಶ ಕೊಡಬಾರದು. ಯಾವ ವರ್ಷ ಎಂಬುದನ್ನೂ ಹೇಳಬೇಕು: ಸೆನ್ಸಾರ್ ಪ್ರಮಾಣಪತ್ರದ ವರ್ಷ, ಬೆಂಗಳೂರಿನಲ್ಲಿ ತೆರೆಕಂಡ ವರ್ಷ, ಮಂಗಳೂರಿಗೆ ಬಂದ ವರ್ಷ ಈ ಮೂರೂ ಬೇರೆ ಬೇರೆ ಇರಬಹುದು. ಪ್ರಿಂಟುಗಳ ಸಂಖ್ಯೆ ಕಡಿಮೆಯಿದ್ದ ಕಾಲ. ಘಟ್ಟದ ಮೇಲೆ ಓಡಿ ಸುಸ್ತಾದ ಪ್ರಿಂಟು ತಿಂಗಳುಗಳ ಮೇಲೆ ಕರಾವಳಿಗೆ ಇಳಿಯುತ್ತಿತ್ತು. ‘ನವಭಾರತ’ ಪತ್ರಿಕೆಯ ಜಾಹೀರಾತಿನಲ್ಲಿ ‘ಇಂದಿನಿಂದ’ ಎಂದು ಕಂಡರೆ ಅದು ಈ ಊರಿನ ‘ಇಂದು’ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಹಾಸ್ಯನಟಿಯ ಕೆಲಸ ಯಾಕೆ ಇಷ್ಟು ಸುಲಭವಾಗಿ ಮಾಯವಾಯಿತು? ತಾತ್ಸಾರ ಎಂದು ಒಂದೇ ಮಾತಿನಲ್ಲಿ ಮುಗಿಸುವವರುಂಟು. ತಾತ್ಸಾರ ಇತ್ತು, ಆದರೆ ಅದಕ್ಕಿಂತ ದೊಡ್ಡ ಕಾರಣ ಕಂಪನಿ ನಾಟಕದ ರಂಗಸಜ್ಜಿಕೆಯಲ್ಲಿದೆ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಎಲ್ಲ ವೃತ್ತಿ ಕಂಪನಿಗಳ ರಂಗದಲ್ಲೂ ಒಂದು ಮುಂದಿನ ಪರದೆ ಇರುತ್ತಿತ್ತು, ಬೀದಿಯ ಚಿತ್ರ ಬರೆದದ್ದು. ಅದರ ಹಿಂದೆ ದರ್ಬಾರು, ಕಾಡು, ಅಂತಃಪುರದ ಸೀನರಿ. ದರ್ಬಾರು ಮುಗಿದು ಕಾಡು ಬರಬೇಕಾದರೆ ಸಿಂಹಾಸನ ಎತ್ತಬೇಕು, ಪಕ್ಕದ ವಿಂಗ್ ತಿರುಗಿಸಬೇಕು, ಹಿಂದಿನ ಪರದೆ ಸುತ್ತಿ ಇನ್ನೊಂದನ್ನು ಇಳಿಸಬೇಕು. ಆ ಹೊತ್ತಿನಲ್ಲಿ ಪ್ರೇಕ್ಷಕರನ್ನು ಖಾಲಿ ಕೂರಿಸುವಂತಿಲ್ಲ. ಬೀದಿ ಪರದೆ ಬೀಳುತ್ತದೆ, ಅದರ ಮುಂದಿನ ನಾಲ್ಕಾರು ಅಡಿ ಜಾಗದಲ್ಲಿ ಹಾಸ್ಯದ ಜೋಡಿ ಬರುತ್ತದೆ. ಗಂಡ ಹೆಂಡಿರ ಜಗಳ, ಸೋಗಲಾಡಿ ಪಂಡಿತ, ಹಳ್ಳಿಯಿಂದ ಪೇಟೆಗೆ ಬಂದವಳು. ಹಿಂದೆ ಸಜ್ಜಿಕೆ ತಯಾರಾದ ಸೂಚನೆ ಸಿಗುವವರೆಗೆ ಎಳೆಯಬೇಕು, ಸಿಕ್ಕಿದ ಕೂಡಲೇ ಚಪ್ಪಾಳೆ ಗಿಟ್ಟಿಸಿ ಮುಗಿಸಬೇಕು. ಐದು ನಿಮಿಷವೋ ಹನ್ನೆರಡು ನಿಮಿಷವೋ ಮೊದಲೇ ಗೊತ್ತಿಲ್ಲ. ನಟಿಗೆ ಬೇಕಾದದ್ದು ಹಿಂದಿನ ನೆಲದ ಟಿಕೇಟಿನವರೆಗೆ ಮೈಕಿಲ್ಲದೆ ಮುಟ್ಟುವ ಕಂಠ, ಎದುರು ನಟ ಎಸೆದ ಮಾತನ್ನು ಬೀಳಗೊಡದೆ ಹಿಡಿದು ಮರಳಿಸುವ ಚುರುಕು, ನಗು ಏಳುತ್ತಿರುವಾಗ ಬಾಯಿ ಮುಚ್ಚಿ ನಿಂತು ಅದು ಇಳಿಯುವ ಒಂದು ಕ್ಷಣ ಮೊದಲೇ ಮುಂದಿನ ಮಾತು ಹೊರಡಿಸುವ ಲೆಕ್ಕ. ತಡವಾದರೆ ನಗು ತಣ್ಣಗಾಗುತ್ತದೆ, ಬೇಗವಾದರೆ ಮಾತು ನಗುವಿನಲ್ಲಿ ಮುಳುಗುತ್ತದೆ. ಯಕ್ಷಗಾನದ ಹಾಸ್ಯಗಾರರನ್ನು ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ದೃಶ್ಯದ ಮಾತುಗಳು ಹಸ್ತಪ್ರತಿಗೆ ಬೀಳುತ್ತಿದ್ದದ್ದು ಕಡಿಮೆ. ಮುಖ್ಯಕಥೆಯ ಪದ, ಕಂದ, ಸಂಭಾಷಣೆ ಎಲ್ಲ ಪ್ರಾಂಪ್ಟರನ ಪ್ರತಿಯಲ್ಲಿ ಇರುತ್ತದೆ. ನಡುವೆ ‘ಹಾಸ್ಯ’ ಎಂಬ ಒಂದು ಶಬ್ದ, ಬಹಳವಾದರೆ ಹಾಡಿನ ಪಲ್ಲವಿ. ಹಾಗಾಗಿ ರಂಗದ ಮೇಲಿನ ಹಾಸ್ಯನಟಿಯ ಅರ್ಧ ಬದುಕು ಬರವಣಿಗೆಗೆ ಬರಲೇ ಇಲ್ಲ.

ಸಿನಿಮಾ ಈ ಬೀದಿ ಪರದೆಯ ಪದ್ಧತಿಯನ್ನು ಹಾಗೆಯೇ ಎತ್ತಿಕೊಂಡಿತು. ಪರದೆ ಬದಲಿಸುವ ಅಗತ್ಯ ಇಲ್ಲದಿದ್ದರೂ ಹಾಸ್ಯ ಪ್ರತ್ಯೇಕ ಎಳೆಯಾಗಿಯೇ ಉಳಿಯಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜತೆಗೇ ಬೆಳಕಿಗೆ ಬಂದ ನರಸಿಂಹರಾಜು, ಅವರಿಗಿಂತ ಮೊದಲೇ ತೆರೆಗೆ ಬಂದಿದ್ದ ಬಾಲಕೃಷ್ಣ, 1964ರ ‘ವೀರಸಂಕಲ್ಪ’ದಿಂದ ಬಂದ ದ್ವಾರಕೀಶ್ ಇವರ ಎದುರಿಗೆ ಒಬ್ಬ ಜೋಡಿ ನಟಿ ಬೇಕು. ಎರಡೋ ಮೂರೋ ದೃಶ್ಯ, ಒಂದು ಯುಗಳಗೀತೆ. ಆಗ ಬಹುಪಾಲು ಚಿತ್ರೀಕರಣ ಮದರಾಸಿನ ಸ್ಟುಡಿಯೋಗಳಲ್ಲಿ. ನಾಯಕ ನಾಯಕಿ ಇಲ್ಲದ ದಿನ ಅದೇ ಸೆಟ್ಟಿನಲ್ಲಿ ಹಾಸ್ಯದ ಜೋಡಿಯ ಕೆಲಸ ಮುಗಿಸಿಬಿಡಬಹುದು. ನಿರ್ಮಾಪಕನಿಗೆ ಇದು ಅನುಕೂಲ. ಕಥೆಗೆ ಅಂಟಿಕೊಳ್ಳದೆ ನಿಂತ ದೃಶ್ಯವನ್ನು ಆಮೇಲೆ ಕಥೆ ಕೆಡದ ಹಾಗೆ ಕಿತ್ತು ಹಾಕುವುದೂ ಅಷ್ಟೇ ಅನುಕೂಲ.

ಕಿತ್ತವರು ಯಾರು? ಸೆನ್ಸಾರ್ ಎಂದು ದೂರುವವರಿದ್ದಾರೆ, ಹೆಚ್ಚಿನ ಸಂದರ್ಭದಲ್ಲಿ ಅದು ಸರಿಯಲ್ಲ. ಚಿತ್ರ ಎರಡೂ ಮುಕ್ಕಾಲು ಗಂಟೆ, ಅದಕ್ಕೆ ಕಡ್ಡಾಯವಾದ ಫಿಲ್ಮ್ಸ್ ಡಿವಿಷನ್ ವಾರ್ತಾಚಿತ್ರ, ಮಧ್ಯಂತರ. ಭಾನುವಾರ ಒಂದು ಆಟ ಹೆಚ್ಚು ಹಾಕಬೇಕು, ರಾತ್ರಿಯವರಿಗೆ ಕೊನೆಯ ಬಸ್ಸು ಸಿಗಬೇಕು. ಪ್ರೊಜೆಕ್ಟರ್ ನಡೆಸುವ ಆಪರೇಟರ್ ಹಾಸ್ಯದ ಹಾಡನ್ನು ಬಿಚ್ಚಿ ಡಬ್ಬದಲ್ಲಿಟ್ಟರೆ ಯಾರೂ ಕೇಳುವುದಿಲ್ಲ. ಎರಡನೇ ಓಟದಲ್ಲಿ ಅದು ಮರಳಿ ಅಂಟಿದರೆ ಅಂಟಿತು. ಮುಂದೆ ಅದೇ ಕತ್ತರಿಸಿದ ಪ್ರಿಂಟಿನಿಂದ ವಿಡಿಯೋ ಮಾಡಿದರು, ಅದರಿಂದ ವಿಸಿಡಿ, ಈಗ ಮೊಬೈಲಿನಲ್ಲಿ ಓಡುವುದೂ ಅದೇ. ನಟಿ ಇಡೀ ಚಿತ್ರದಿಂದ ಹೊರಬಿದ್ದಿರುತ್ತಾಳೆ, ಶೀರ್ಷಿಕೆಯಲ್ಲಿ ಹೆಸರು ಮಾತ್ರ ಓಡುತ್ತದೆ.

ಎಷ್ಟು ಹೋಗಿದೆ ಎಂದು ಅಳೆಯಬಹುದು. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು. ಸೆಕೆಂಡಿಗೆ 24 ಫ್ರೇಮು ಓಡುವುದರಿಂದ ನಿಮಿಷಕ್ಕೆ 90 ಅಡಿ, ಮೀಟರಿನಲ್ಲಿ ಸುಮಾರು 27.4. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷದ ಮೇಲೆ ಸ್ವಲ್ಪ. ಚಿತ್ರದ ಆರಂಭದಲ್ಲಿ ತೋರಿಸುವ ಪ್ರಮಾಣಪತ್ರದಲ್ಲಿ ರೀಲುಗಳ ಸಂಖ್ಯೆ, ಉದ್ದ ಎರಡೂ ಇರುತ್ತದೆ. ವಿಸಿಡಿಯಲ್ಲಿ ಅದನ್ನು ಹಾರಿಸಿದ್ದರೆ ಪ್ರಮಾಣಪತ್ರ ಪಡೆದ ಚಿತ್ರಗಳ ಪಟ್ಟಿ ಕೇಂದ್ರ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತಿತ್ತು, ಅಲ್ಲಿ ಹುಡುಕಬೇಕು. ಉದಾಹರಣೆಗೆ 4,500 ಮೀಟರ್ ಎಂದಿದ್ದರೆ ಚಿತ್ರ 164 ನಿಮಿಷ ಓಡಬೇಕು. ವಿಸಿಡಿ 140 ನಿಮಿಷಕ್ಕೆ ಮುಗಿದರೆ 24 ನಿಮಿಷ ಕತ್ತರಿಗೆ ಹೋಯಿತೆಂದು ಬರೆಯಬೇಡಿ. ನಮ್ಮ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ ಚಿತ್ರ ಶೇ. 4ರಷ್ಟು ಹೆಚ್ಚು ವೇಗ, ಪೂರ್ತಿ ಇರುವ ಚಿತ್ರವೂ 157 ನಿಮಿಷಕ್ಕೆ ಮುಗಿಯುತ್ತದೆ. ಕಳೆದುಹೋದದ್ದು ಸುಮಾರು 17 ನಿಮಿಷ. ಹಾಸ್ಯದ ಒಂದು ಹಾಡು ಮತ್ತು ಎರಡು ದೃಶ್ಯಕ್ಕೆ ಹೆಚ್ಚುಕಡಿಮೆ ಸರಿಹೊಂದುವ ಅಳತೆ. ರೀಲಿನ ತಲೆ ಮತ್ತು ಬಾಲದಲ್ಲಿ ಹರಿದು ಅಂಟಿಸುವಾಗಲೂ ಫ್ರೇಮುಗಳು ಹೋಗುತ್ತವೆ, ಆದರೆ ಆ ಲೆಕ್ಕ ಸೆಕೆಂಡುಗಳದ್ದು, ನಿಮಿಷಗಳದ್ದಲ್ಲ.

ಹೋದದ್ದು ಏನೆಂದು ತಿಳಿಯಲು ಪದ್ಯಾವಳಿ ಬೇಕು. ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಆಣೆಗೆ ಮಾರುತ್ತಿದ್ದ ತೆಳು ಪುಸ್ತಕ: ಮುಖಪುಟದಲ್ಲಿ ನಾಯಕ ನಾಯಕಿ, ಒಳಗೆ ಪಾತ್ರವರ್ಗ, ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ಕೈಕೊಡುವ ಕಥಾಸಾರ, ಆಮೇಲೆ ಹಾಡುಗಳು. ಹಾಸ್ಯದ ಯುಗಳಗೀತೆ ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ. ಕೊನೆಯ ಪುಟವೇ ಮೊದಲು ಹರಿಯುತ್ತದೆ ಎಂಬುದು ಈ ನಟಿಯರ ಇನ್ನೊಂದು ಗ್ರಹಚಾರ. ಪದ್ಯಾವಳಿ ಚಿತ್ರ ಬಿಡುಗಡೆಗೆ ಮೊದಲೇ ಅಚ್ಚಾಗುವುದರಿಂದ ಅದರಲ್ಲಿರುವ ಹಾಡು ತೆರೆಯ ಮೇಲೆ ಇತ್ತೆಂದು ಅಷ್ಟರಿಂದಲೇ ಹೇಳುವಂತಿಲ್ಲ. ಹಾಡು ಚಿತ್ರಕ್ಕಾಗಿ ತಯಾರಾಗಿತ್ತು ಎಂದಷ್ಟೇ ಹೇಳಬಹುದು.

ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕರ ಹೆಸರಿದೆ, ನಟಿಯ ಹೆಸರಿಲ್ಲ. ಹಾಸ್ಯದ ಹಾಡು ಹಾಡಿದವರು ಹೆಚ್ಚಾಗಿ ಎಲ್.ಆರ್. ಈಶ್ವರಿ, ಗಂಡು ದನಿಗೆ ಪೀಠಾಪುರಂ ನಾಗೇಶ್ವರರಾವ್. ತಟ್ಟೆಯನ್ನು ಹಿಡಿದು ಅಭಿನಯಿಸಿದವರು ಇಂಥವರೇ ಎಂದು ತೀರ್ಮಾನಿಸುವುದು ತಪ್ಪು. ಆದರೆ ತಟ್ಟೆ ಇನ್ನೊಂದು ಕೆಲಸಕ್ಕೆ ಬರುತ್ತದೆ: ಕತ್ತರಿಸಿಹೋದ ಹಾಡಿನ ದನಿ, ಉದ್ದ ಅದರಲ್ಲಿ ಉಳಿದಿದೆ. ನಿಮಿಷಕ್ಕೆ 78 ಸುತ್ತಿನ ವೇಗದ ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಮೂರು, ಮೂರೂಕಾಲು ನಿಮಿಷ. ಇದನ್ನು ಅರಗಿನಿಂದ ಮಾಡಿರುವುದರಿಂದ ಸ್ಪಿರಿಟ್ ತಾಗಿಸಿದರೆ ಮೇಲ್ಮೈ ಕರಗುತ್ತದೆ. ಬಟ್ಟಿ ಇಳಿಸಿದ ನೀರು, ಮೆದು ಬ್ರಷ್ ಸಾಕು, ನಡುವಿನ ಲೇಬಲ್ ಒದ್ದೆಯಾಗಬಾರದು. ಎಲ್‌ಪಿಯ ಸೂಜಿಯಲ್ಲಿ ನುಡಿಸಿದರೆ ಅದು ಅಗಲವಾದ ಗೆರೆಯ ತಳ ಕೆರೆಯುತ್ತದೆ, ಗರಗರ ಶಬ್ದವೇ ಹೆಚ್ಚು. 78ಕ್ಕೆ ಸುಮಾರು ಮೂರು ಮಿಲ್, ಅಂದರೆ ಇಂಚಿನ ಸಾವಿರದಲ್ಲಿ ಮೂರು ಭಾಗದ ತುದಿಯ ಸೂಜಿಯೇ ಬೇಕು. ಲೇಬಲಿನ ಸಂಖ್ಯೆಯ ಜತೆಗೆ ಲೇಬಲಿನ ಪಕ್ಕ ಅರಗಿನಲ್ಲೇ ಕೊರೆದ ಮಾತೃಕೆ (ಮ್ಯಾಟ್ರಿಕ್ಸ್) ಸಂಖ್ಯೆಯನ್ನೂ ಬರೆದುಕೊಳ್ಳಿ.

ನಾಟಕದ ಹ್ಯಾಂಡ್‌ಬಿಲ್ಲು ಇವೆಲ್ಲಕ್ಕಿಂತ ಬೆಲೆಯುಳ್ಳದ್ದು. ಕಂಪನಿ ಯಾವ ಊರಿನಲ್ಲಿ ಕ್ಯಾಂಪ್ ಹಾಕಿತ್ತು, ಹಾಸ್ಯಪಾತ್ರ ಯಾರದು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಇಲ್ಲ. ತಮಾಷೆಯೆಂದರೆ ಅದರಲ್ಲಿ ಇಸವಿ ಇರುವುದಿಲ್ಲ. ‘ತಾ. 14–2ನೇ ಶನಿವಾರ ರಾತ್ರಿ’ ಎಂದಷ್ಟೇ. ಇಂದು ಹಂಚಿ ನಾಳೆ ಬಿಸಾಡುವ ಕಾಗದಕ್ಕೆ ಇಸವಿ ಯಾಕೆ? ಆದರೂ ಕಾಲ ನಿರ್ಣಯ ಸಾಧ್ಯ. ಫೆಬ್ರವರಿ 14 ಶನಿವಾರ ಬಿದ್ದದ್ದು 1948, 1953, 1959, 1970, 1976ರಲ್ಲಿ. ಟಿಕೇಟಿನ ದರ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದೆಂದು ಒಲವು. ಆಣೆಯ ಲೆಕ್ಕ ಜನರ ಬಾಯಲ್ಲಿ ಆಮೇಲೂ ಇದ್ದುದರಿಂದ ಇದೊಂದೇ ಸಾಲದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು, ಹಾಗಾಗಿ 1959. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ದಾಟಿದೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮೊದಲು. ಅದೇ ಮಂಗಳೂರಿನ ಕಾಗದದಲ್ಲಿ ಮದರಾಸು ರಾಜ್ಯ ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದೆ. ಉಡುಪಿ ‘ಜಿಲ್ಲೆ’ ಎಂದು ಅಚ್ಚಾಗಿದ್ದರೆ ಅದು 1997ರ ಈಚಿನದು, ಹಳೆಯ ಬಣ್ಣ ಬಳಿದುಕೊಂಡು ಬಂದ ಹೊಸ ಕಾಗದ. ತಳದಲ್ಲಿ ಸಣ್ಣ ಅಕ್ಷರದಲ್ಲಿರುವ ಮುದ್ರಣಾಲಯದ ಹೆಸರನ್ನು ತಪ್ಪದೆ ಬರೆದುಕೊಳ್ಳಬೇಕು. ಅದೇ ಪ್ರೆಸ್ಸಿನ ಇಸವಿ ಇರುವ ಇನ್ನೊಂದು ಕಾಗದ ಸಿಕ್ಕಿದಾಗ ಅಕ್ಷರದ ಮೊಳೆ ಹೋಲಿಸಬಹುದು.

ಇಷ್ಟು ಹೇಳಿದ ಮೇಲೆ ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವ ಬಹುತೇಕ ಶೇ. 85ರ ಮೇಲೇ ಇರುತ್ತದೆ. ಶೇ. 65, 70 ದಾಟಿದರೆ ಬೂಸ್ಟು ಬೆಳೆಯಲು ಸಾಕು. ಹೆಂಚಿನ ಮಾಡಿನ ಅಟ್ಟದಲ್ಲಿ ಬೇಸಗೆಯ ಕಾವು, ಆಟಿ ತಿಂಗಳ (ಜುಲೈ–ಆಗಸ್ಟ್) ತೇವ ಎರಡನ್ನೂ ವರ್ಷಕ್ಕೊಮ್ಮೆ ಉಂಡ ಪದ್ಯಾವಳಿಯ ಪಿನ್ನು ತುಕ್ಕು ಹಿಡಿದು ನಡುವಿನ ಪುಟವನ್ನು ತಿಂದಿರುತ್ತದೆ. ಅದನ್ನು ಎಳೆದು ತೆಗೆಯಬಾರದು. ಹಿಂಬದಿಯಲ್ಲಿ ಮಡಚಿದ ಎರಡು ಕಾಲುಗಳನ್ನು ತೆಳುವಾದ ಚಪ್ಪಟೆ ಉಪಕರಣದಿಂದ ನೆಟ್ಟಗೆ ಮಾಡಿ, ಮುಂದಿನಿಂದ ಎತ್ತಬೇಕು. ಅದೇ ತೂತಿನಲ್ಲಿ ಹತ್ತಿಯ ದಾರ ಹೊಲಿಯಬೇಕು. ಸೆಲ್ಲೋಟೇಪು, ಫೆವಿಕಾಲ್, ಲ್ಯಾಮಿನೇಷನ್ ಮೂರಕ್ಕೂ ಕೋಣೆಯ ಬಾಗಿಲು ಮುಚ್ಚಿರಲಿ. ಮರ್ಯಾದೆಯಿಂದ ಲ್ಯಾಮಿನೇಟ್ ಮಾಡಿಸಿದ ಹ್ಯಾಂಡ್‌ಬಿಲ್ಲು ಎರಡು ಪ್ಲಾಸ್ಟಿಕ್ಕಿನ ನಡುವೆ ತನ್ನದೇ ಆಮ್ಲದಲ್ಲಿ ಹಳದಿಯಾಗಿ ಸಾಯುತ್ತದೆ, ಬಿಡಿಸುವುದು ಬಹಳ ಕಷ್ಟ. ಒದ್ದೆಯಾದದ್ದನ್ನು ಬಿಸಿಲಿಗೆ ಹಾಕುವುದೂ ಇಸ್ತ್ರಿ ಮಾಡುವುದೂ ಬೇಡ. ನಡುವೆ ಬ್ಲಾಟಿಂಗ್ ಕಾಗದವಿಟ್ಟು ಫ್ಯಾನ್ ಗಾಳಿ. ಅಂಟಿಕೊಂಡ ಫೋಟೋಗಳನ್ನು ಬಿಡಿಸಲು ಕೈ ಹಾಕಲೇಬೇಡಿ, ಹಾಗೆಯೇ ತನ್ನಿ.

ಕೋಣೆ ಹತ್ತು ಹನ್ನೆರಡು ಅಡಿಯದ್ದಾದರೂ ಸಾಕು. ನೆಲ ಅಂತಸ್ತು ಬೇಡ, ಹೆಂಚಿನ ನೇರ ಕೆಳಗೆ ಬೇಡ, ಬಚ್ಚಲಿಗೆ ತಾಗಿದ ಗೋಡೆ ಬೇಡ. ಉಕ್ಕಿನ ರ‍್ಯಾಕು ನೆಲದಿಂದ ಆರಿಂಚು ಮೇಲೆ, ಗೋಡೆಯಿಂದ ಮೂರಿಂಚು ದೂರ. ತೇವ ಹೀರುವ ಯಂತ್ರವನ್ನು ಶೇ. 50ರಿಂದ 55ಕ್ಕೆ ಹೊಂದಿಸಿ ದಿನದ 24 ಗಂಟೆಯೂ ಓಡಿಸಬೇಕು, ಅದರ ನೀರು ಪೈಪಿನಲ್ಲಿ ಹೊರಗೆ ಹೋಗಬೇಕು. ಡಬ್ಬ ತುಂಬಿದರೆ ಯಂತ್ರ ನಿಲ್ಲುತ್ತದೆ, ಎರಡನೇ ಶನಿವಾರ ಭಾನುವಾರ ಕಚೇರಿಗೆ ಬರುವವರಿಲ್ಲ. ಸರ್ಕಾರಿ ಕೋಣೆಗಳಲ್ಲಿ ಮಾಮೂಲಾಗಿ ಆಗುವ ಅನರ್ಥ ಎ.ಸಿ.ಯದ್ದು. ಹತ್ತರಿಂದ ಐದೂವರೆವರೆಗೆ ತಂಪು ಮಾಡಿ ಆಫ್ ಮಾಡಿ ಹೋಗುತ್ತಾರೆ. ರಾತ್ರಿ ಹೊರಗಿನ ತೇವದ ಗಾಳಿ ಸಂದಿಯಲ್ಲಿ ನುಗ್ಗಿ ತಣ್ಣಗಿನ ರ‍್ಯಾಕು, ಡಬ್ಬಗಳ ಮೇಲೆ ಬೆವರಾಗುತ್ತದೆ. ಹಗಲು ಮಾತ್ರ ಓಡುವ ಎ.ಸಿ.ಗಿಂತ ಎ.ಸಿ. ಇಲ್ಲದಿರುವುದೇ ವಾಸಿ.

ಹೊರಗಿನಿಂದ ಬಂದ ಪೆಟ್ಟಿಗೆ ನೇರ ಒಳಗೆ ಹೋಗಬಾರದು. ಬೆಳ್ಳಿಮೀನು ಹುಳ, ಪುಸ್ತಕದ ಹೇನು ಅದರ ಜತೆಗೇ ಬರುತ್ತವೆ. ಕಾಗದಗಳನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಡಿಸಿ ಮುಚ್ಚಿ, ಮೈನಸ್ 18–20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಗ್ರಾಮಫೋನ್ ತಟ್ಟೆ, ಗಾಜಿನ ಸ್ಲೈಡು, ಫೋಟೋ ಫ್ರೀಜರಿಗೆ ಬೇಡ.

ಸ್ಕ್ಯಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಷರಕ್ಕೆ 400, ಫೋಟೋಗೆ 600 ಡಿಪಿಐ, ಪಕ್ಕದಲ್ಲಿ ಸ್ಕೇಲು, ಅಂಚು ಕತ್ತರಿಸುವಂತಿಲ್ಲ, ಖಾಲಿ ಹಿಂಬದಿಯೂ ಬೇಕು. ಸ್ಕ್ಯಾನ್ ಆಯಿತೆಂದು ಮೂಲವನ್ನು ಬಿಸಾಡುವವರನ್ನು ಕೋಣೆಗೆ ಬಿಡಬಾರದು.

ಚಿತ್ರಮಂದಿರದ ಮಾಲೀಕರಲ್ಲಿ ಪ್ರತ್ಯೇಕ ವಿನಂತಿ. ಏಕಪರದೆಯ ಕಟ್ಟಡಗಳು ಒಂದೊಂದಾಗಿ ಹೋಗುತ್ತಿವೆ, ಮಂಗಳೂರಿನ ಜ್ಯೋತಿ ನಮ್ಮ ಕಣ್ಣೆದುರೇ ಹೋಯಿತು. ಕೆಡಹುವ ಗುತ್ತಿಗೆ ಕೊಡುವ ಮೊದಲು ಪ್ರೊಜೆಕ್ಟರ್ ಕೋಣೆ ಮತ್ತು ಮ್ಯಾನೇಜರ್ ಕಪಾಟನ್ನು ತೆರೆದು ನೋಡಲು ಬಿಡಿ. ಹಳೆಯ ದೈನಂದಿನ ಕಲೆಕ್ಷನ್ ವರದಿ, ಅಂದರೆ ಡಿಸಿಆರ್ ಪುಸ್ತಕ, ಯಾವ ಚಿತ್ರ ಯಾವ ದಿನ ಎಷ್ಟು ಆಟ ಎಂಬುದಕ್ಕೆ ಪತ್ರಿಕೆಯ ಜಾಹೀರಾತಿಗಿಂತ ಗಟ್ಟಿ ಸಾಕ್ಷಿ. ಮೂಲೆಯ ತುಕ್ಕು ಡಬ್ಬದಲ್ಲಿ ಆಪರೇಟರ್ ಬಿಚ್ಚಿಟ್ಟ ಹಾಡಿನ ತುಂಡು ಇರಬಹುದು. ಎರಡು ಅಡಿಯಾದರೂ ಇರಲಿ, ಅದರ ಮೇಲೆ ಮುಖವಿದೆ.

ಡಬ್ಬ ತೆರೆಯುವಾಗ ಎಚ್ಚರ. ಫಿಲ್ಮಿನ ಅಂಚಿನಲ್ಲಿ ‘ಸೇಫ್ಟಿ’ ಎಂದಿದ್ದರೆ ಅಸಿಟೇಟ್, ‘ನೈಟ್ರೇಟ್’ ಎಂದಿದ್ದರೆ ಬೆಂಕಿಯ ಮನೆ. ಐವತ್ತರ ದಶಕದ ಆದಿಯ, ಅದಕ್ಕೂ ಹಿಂದಿನ ರೀಲಾದರೆ ನೈಟ್ರೇಟ್ ಎಂದೇ ಹಿಡಿದು ನಡೆಯಿರಿ. ಮೂಲದ ಅಂಚಿನ ಬರಹ ಪ್ರತಿಗೂ ಮೂಡುವುದರಿಂದ ಅಕ್ಷರವನ್ನೇ ಪೂರ್ತಿ ನಂಬುವಂತಿಲ್ಲ. ಅಂಟಂಟು, ಜೇನಿನ ಬಣ್ಣ, ತಳದಲ್ಲಿ ಕಂದು ಪುಡಿ ಕಂಡರೆ ಡಬ್ಬ ಮುಚ್ಚಿ, ನೆರಳಿಗೆ ಸಾಗಿಸಿ, ಅಗ್ನಿಶಾಮಕ ಠಾಣೆಗೆ ತಿಳಿಸಿ. ಉರಿದರೆ ನೀರಿಗೆ ಆರುವುದಿಲ್ಲ, ತನ್ನ ಆಮ್ಲಜನಕ ತಾನೇ ಒದಗಿಸಿಕೊಳ್ಳುತ್ತದೆ. ಕಡ್ಡಿ ಗೀರಿ ಪರೀಕ್ಷೆ ಮಾಡುವ ಸಾಹಸ ಯಾರೂ ಮಾಡಬಾರದು. ಅಸಿಟೇಟ್ ಕೆಟ್ಟರೆ ವಿನಿಗರ್ ವಾಸನೆ. 21 ಡಿಗ್ರಿ ಉಷ್ಣ, ಶೇ. 50 ತೇವದಲ್ಲಿ ಹೊಸ ಫಿಲ್ಮು ಸುಮಾರು 40 ವರ್ಷಕ್ಕೆ ಆ ಹಂತ ಮುಟ್ಟುತ್ತದೆ; ನಮ್ಮ ಹವೆಯಲ್ಲಿ ಬಹಳ ಬೇಗ. ವಾಸನೆ ಬಂದ ರೀಲನ್ನು ಬೇರೆಯವುಗಳಿಂದ ದೂರವಿಡಿ, ಆವಿ ಪಕ್ಕದ್ದನ್ನೂ ಕೆಡಿಸುತ್ತದೆ. ಫಿಲ್ಮನ್ನು ಈ ಊರಿನಲ್ಲೇ ಇಟ್ಟುಕೊಳ್ಳುವ ಹಟ ಬೇಡ. ಅದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಹೋಗಲಿ, ಕಾಗದ ಮತ್ತು ತಟ್ಟೆ ಇಲ್ಲಿರಲಿ.

ಇನ್ನು ರಿಜಿಸ್ಟರು. ಒಂದು ಪಾತ್ರಕ್ಕೆ ಒಂದು ಸಾಲು. ಚಿತ್ರ ಅಥವಾ ನಾಟಕ, ವರ್ಷ ಮತ್ತು ಅದು ಯಾವ ವರ್ಷವೆಂಬ ಗುರುತು, ಪ್ರಮಾಣಪತ್ರದ ಉದ್ದ, ನೋಡಿದ ಪ್ರತಿಯ ಉದ್ದ, ಅಚ್ಚಾದ ಹೆಸರು, ಗುರುತಿಸಿದ ಹೆಸರು, ಅದಕ್ಕೆ ಆಧಾರ, ಪಾತ್ರ, ಜೋಡಿ ನಟ, ತೆರೆಯ ಮೇಲೆ ಬರುವ ಗಂಟೆ–ನಿಮಿಷ–ಸೆಕೆಂಡು, ಹಾಡು, ಹಾಡಿದವರು. ಮಾತಿನ ಬನಿಯನ್ನೂ ಬರೆಯಿರಿ: ಹಳೆ ಮೈಸೂರಿನ ಹಳ್ಳಿ ಮಾತೋ, ಬ್ರಾಹ್ಮಣರ ಮನೆಮಾತೋ, ಹುಬ್ಬಳ್ಳಿ ಕಡೆಯದೋ. ಹಾಸ್ಯನಟಿಯ ಕಸುಬಿನ ಅರ್ಧ ಅಲ್ಲಿದೆ. (ನಮ್ಮ ಮಂಗಳೂರು ಕನ್ನಡವನ್ನು ಸಿನಿಮಾ ಹೋಟೆಲ್ ಭಟ್ಟರ ಬಾಯಿಗೆ ಹಾಕಿ ನಗಿಸಿದ್ದು ಬೇರೆ ಕಥೆ, ಅದಕ್ಕೂ ಒಂದು ಅಂಕಣ ಬೇಕಾದೀತು.) ಸಾಕ್ಷಿಗೆ ಮೂರು ದರ್ಜೆ: ತೆರೆಯ ಮೇಲೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಗುರುತಿಸಿದ್ದು ‘ಅ’, ಶೀರ್ಷಿಕೆ ಅಥವಾ ಅಚ್ಚಿನಲ್ಲಿ ಮಾತ್ರ ಇರುವುದು ‘ಆ’, ಹಿರಿಯರ ನೆನಪಿನದು ‘ಇ’. ‘ಇ’ಯನ್ನು ಅಳಿಸಬೇಡಿ, ‘ಅ’ಕ್ಕೆ ಏರಿಸಲೂ ಬೇಡಿ. ಬಾಲನಟಿಯಾಗಿ ಹೊಕ್ಕು, ಜೋಡಿ ಹುಡುಗಿಯಾಗಿ, ಗೆಳತಿಯಾಗಿ, ಮೂವತ್ತೈದರ ಹೊತ್ತಿಗೇ ಬಜಾರಿ ಅತ್ತೆಯಾಗಿ, ಕಡೆಗೆ ಧಾರಾವಾಹಿಯ ಅಜ್ಜಿಯಾಗಿ ನಡೆದ ದಾರಿ ಸಾಲುಗಳು ತುಂಬುತ್ತಾ ಹೋದ ಹಾಗೆ ತಾನಾಗಿ ಕಾಣುತ್ತದೆ.

ಪತ್ರಿಕೆಗಳ ಹಳೆಯ ಸಂಪುಟ, ಹೊತ್ತಗೆಗಳಿಗೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಈಗಾಗಲೇ ಕಾಗದ ಕಾಯುವ ಅಭ್ಯಾಸವಿದೆ. ಇಲಾಖೆ ಅಂಥವರ ಜತೆ ಕೂತು ಮಾತಾಡಿದರೆ ಹೊಸ ಕಟ್ಟಡದ ಮಾತೇ ಬೇಡ.

ಮನೆಯವರಿಗೆ ಕೊನೆಯದಾಗಿ. ಮೂಲವನ್ನು ದಾನ ಕೊಡಲೇಬೇಕೆಂದಿಲ್ಲ. ಸ್ಕ್ಯಾನಿಗೆ ಕೊಟ್ಟು ವಾಪಸು ಒಯ್ಯಬಹುದು. ಪೆಟ್ಟಿಗೆಯನ್ನು ನೀವೇ ವಿಂಗಡಿಸಿ, ‘ಮುಖ್ಯವಾದದ್ದು’ ಎಂದು ನಾಯಕ ನಾಯಕಿಯರ ಚಿತ್ರ ಇರುವುದನ್ನು ಮಾತ್ರ ತರಬೇಡಿ, ಇದ್ದ ಹಾಗೆಯೇ ತನ್ನಿ. ಪ್ರತಿ ಪೆಟ್ಟಿಗೆಗೆ ಎರಡು ಪ್ರತಿಯ ರಸೀದಿ ಇರಬೇಕು: ಎಷ್ಟು ಹಾಳೆ, ಯಾವ ಸ್ಥಿತಿ, ದಾನವೋ ಎರವಲೋ, ಎರವಲಾದರೆ ಮರಳಿಸುವ ತಾರೀಕು. ಒಂದು ಪ್ರತಿ ಕೋಣೆಯ ಕಡತಕ್ಕೆ, ಇನ್ನೊಂದು ನಿಮ್ಮ ಕೈಗೆ. ಅದು ಕೈಗೆ ಸಿಗದೆ ಪೆಟ್ಟಿಗೆ ಬಿಟ್ಟು ಹೋಗಬೇಡಿ.

ಇಂತಿ,
ಹಳೆಯ ನಾಟಕ, ಚಿತ್ರಗಳ ಕಾಗದಪತ್ರ ಪಟ್ಟಿ ಮಾಡುವ ಕೆಲವರು
ಮಂಗಳೂರು – ಉಡುಪಿ